ಅಕ್ಕನ ಅಳತೆಯ ಕಾರು

ನಮ್ಮ ಭಾವನ ಪ್ರಕಾರ ಕಾರಿಗೂ ಕೋಟಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡರ ಒಳಗೂ ಇರುವುದು ಮನುಷ್ಯರೇ ತಾನೆ? ಅಂದಮೇಲೆ ಕೋಟು ಹೊಲಿಯುವವನು ಕಾರನ್ನು ಯಾಕೆ ಮಾಡಬಾರದು? ಇದನ್ನು ತಮಾಷೆಗೆ ಹೇಳಿದ್ದರೆ ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಹಿಂದೂಪುರದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಈ ಮಹಾನುಭಾವರು ನಿಜವಾಗಿಯೂ ಕಾರು ಮಾಡಲು ಹೊರಟರು!

ಇದಕ್ಕೆಲ್ಲ ಕಾರಣ ನನ್ನ ಮದುವೆ. ಕಲ್ಯಾಣದುರ್ಗದ ನಮ್ಮ ಮನೆ ಮುಂದೆಯೇ ಚಪ್ಪರ ಎಂದು ನಿಶ್ಚಯವಾಗಿತ್ತು. ಗಂಡಿನ ಅಕ್ಕ ಕಳಸ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ನನಗಿರುವುದು ಒಬ್ಬಳೇ ಅಕ್ಕ, ಈ ಭಾವನ ಹೆಂಡತಿ. ಅವಳು ಕೆಲವು ವರ್ಷಗಳ ಹಿಂದೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಎಡಗಾಲು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ಮೊಣಕಾಲು ಮತ್ತೆ ಮಡಚಲೇ ಇಲ್ಲ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಂತಿಲ್ಲ, ಹತ್ತಿದರೂ ಕಾಲು ಚಾಚಲು ಜಾಗವಿಲ್ಲ. ಎತ್ತಿನ ಗಾಡಿಯ ಕುಲುಕಾಟವಂತೂ ಅವಳಿಂದ ಆಗದು. ಅವತ್ತಿನಿಂದ ತವರಿಗೆ ಬಂದೇ ಇರಲಿಲ್ಲ.

ನಾನು ಕರೆಯಲು ಹೋದಾಗ, "ಇಬ್ರು ಹಿಡ್ಕಂಡು ಬಸ್ಸು ಹತ್ಸಬೋದು ಕಣಕ್ಕ" ಎಂದೆ.

"ಎತ್ತಿ ಹಾಕಕ್ಕೆ ನಾನೇನು ಕಳ್ಳೆಕಾಯಿ ಮೂಟೆನಾ? ಚಿಕ್ಕಮ್ಮನ ಮಗಳು ಕಳ್ಸ ಹಿಡೀತಾಳೆ ಬಿಡು" ಎಂದು ಅಕ್ಕ ಒಳಗೆ ಹೋದಳು.

ಗುಂಡಿ ಹೊಲಿಯುತ್ತಿದ್ದ ಭಾವ ದಾರವನ್ನು ಹಲ್ಲಿನಲ್ಲಿ ಕಡಿದು, "ನೀನು ಚಪ್ಪರ ಹಾಕ್ಸು ಹೋಗಪ್ಪ ಬಾಮೈದ. ನಿಮ್ಮಕ್ಕನ್ನ ನಾನು ಕಾರಲ್ಲಿ ಕರ್ಕಂಡು ಬತ್ತೀನಿ" ಎಂದರು. ನಮ್ಮ ವಂಶದಲ್ಲಿ ಅದುವರೆಗೆ ಸೈಕಲ್ಲಿಗಿಂತ ದೊಡ್ಡ ವಾಹನ ಯಾರ ಬಳಿಯೂ ಇರಲಿಲ್ಲ.

ಮದುವೆ ಕೋಟಿನ ಅಳತೆ ಕೊಡಲು ಮುಂದಿನ ಸಲ ಹೋದಾಗ ಕಾರು ಬಂದಿತ್ತು. ಕೊಡಿಕೊಂಡದ ಹತ್ತಿರ ಲಾರಿ ಗುದ್ದಿ ಹಿಂಭಾಗವೆಲ್ಲ ನುಜ್ಜುಗುಜ್ಜಾದ ಹಳೆ ಕಾರು ಅದು. ಗುಜರಿಗೆ ಹೋಗುವುದನ್ನು ಭಾವ ತಡೆದು ತಂದಿದ್ದರು. ಇಂಜಿನ್ ಗಟ್ಟಿಯಾಗಿತ್ತು, ಹಿಂದಿನ ಚಕ್ರಗಳೂ ಅಚ್ಚೂ ಉಳಿದಿದ್ದವು. ಅವುಗಳ ಮೇಲೆ ಇರಬೇಕಾದ ಕಬ್ಬಿಣದ ಚೌಕಟ್ಟು, ಅಂದರೆ ಹಿಂದಿನ ಚಾಸಿ, ಇರಲಿಲ್ಲ. ಮುಂದಿನಿಂದ ನೋಡಿದರೆ ಕಾರು, ಪಕ್ಕದಿಂದ ನೋಡಿದರೆ ಅರ್ಧ ಕಾರು, ಹಿಂದಿನಿಂದ ನೋಡಿದರೆ ಎದುರು ಮನೆ!

ಭಾವ ಟೇಪು ಹಿಡಿದು ಹೊರಟಿದ್ದು ಕಾರಿನ ಕಡೆಗಲ್ಲ, ಅಕ್ಕನ ಕಡೆಗೆ.

"ಕಾರು ಮಾಡಕ್ಕೆ ನನ್ನ ಅಳತೆ ಯಾಕ್ರೀ?"

"ತೊಡೋರ ಅಳತೆ ತಗಳ್ದೆ ಯಾವ ದರ್ಜಿ ಕತ್ತರಿ ಇಡ್ತಾನೆ? ಕಾಲು ಚಾಚು."

ಕೂತಾಗ ಎಷ್ಟುದ್ದ, ಒರಗಿದಾಗ ಎಷ್ಟುದ್ದ, ಬಲಗಾಲು ಎಷ್ಟೆತ್ತರ ಏಳುತ್ತದೆ, ಎಲ್ಲವನ್ನೂ ಅಳೆದರು. ಆಮೇಲೆ ಕೋಟಿಗೆ ಮೊದಲು ಕಚ್ಚಾ ಹೊಲಿಗೆ ಹಾಕುವ ಹಾಗೆ, ಬಿದಿರು ಗಳಗಳನ್ನು ಹಗ್ಗದಲ್ಲಿ ಕಟ್ಟಿ ಅಂಗಳದಲ್ಲಿ ಒಂದು ಚಾಸಿ ಮಾಡಿ ಅದರಲ್ಲಿ ಅಕ್ಕನನ್ನು ಕೂರಿಸಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಸುತ್ತಲೂ ಓಡಾಡಿದರು. ಬಿದಿರಿಗೆ ಗುಂಡುಸೂಜಿ ಯಾಕೋ, ನಾನು ಕೇಳಲಿಲ್ಲ. ಅಕ್ಕನಿಗೆ ಆ ಜಾಗ ಎಷ್ಟು ಹಿಡಿಸಿತೆಂದರೆ, ದಿನಾ ಅಕ್ಕಿ ಆರಿಸಲು ಅಲ್ಲೇ ಹೋಗಿ ಕೂರತೊಡಗಿದಳು.

ಕಬ್ಬಿಣದ ಸರದಿ ಬಂದಾಗ ವೆಲ್ಡಿಂಗ್ ಅಂಗಡಿಯವರು ತಲೆ ಮೇಲೆ ಕೈ ಹೊತ್ತು ಕೂತರು. ಭಾವ ಪ್ರತಿ ತುಂಡನ್ನೂ ಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದ ಕತ್ತರಿಸಿ ತಂದಿದ್ದರು.

"ಬಿಗಿಯಾದ್ರೆ ಬಿಚ್ಚಿ ಬಿಟ್ಕಬೋದು" ಎಂದು ಭಾವನ ವಾದ.

"ಅಯ್ಯಾ, ಇನುಮು ಬಟ್ಟ ಕಾದಯ್ಯಾ" ಎಂದರು ಅವರು ತೆಲುಗಿನಲ್ಲಿ, ಕಬ್ಬಿಣ ಬಟ್ಟೆಯಲ್ಲವಯ್ಯಾ ಎಂದು.

"ಮದುವೆ ಊಟ ಉಂಡ್ಮೇಲೆ ಬಿಗಿ ಆಗ್ದೆ ಇರೋದು ಯಾವ್ದಪ್ಪ ಐತೆ?" ಎಂದರು ಭಾವ. ಕೊನೆಗೆ ಕೆಲವು ಕಡೆ ಬೆಸೆದು, ಕೆಲವು ಕಡೆ ಬೋಲ್ಟು ಹಾಕಿ ರಾಜಿಯಾಯಿತು.

ಇನ್ನೊಂದು ಪವಾಡ ಕೇಳಿ. ಬೇರೆ ಕಾರುಗಳಲ್ಲಿ ಚೌಕಟ್ಟು ಹಿಂದಿನ ಅಚ್ಚಿನ ಮೇಲಿಂದ ಹೋಗುತ್ತದೆ. ಭಾವ ಅದನ್ನು ಅಚ್ಚಿನ ಕೆಳಗಿಂದ ಹಾಯಿಸಿದರು. ಹೀಗಾಗಿ ಹಿಂದಿನ ಸೀಟಿನ ಅಡಿ ನೆಲದಿಂದ ಒಂದು ಗೇಣು ಮೇಲಿತ್ತು, ಅಷ್ಟೇ. ಮೂತಿ ಮೇಲೆತ್ತಿಕೊಂಡು ಹಿಂಭಾಗ ಊರಿದ ಆ ಕಾರು, ಅನ್ನಕ್ಕೆ ಕಾದು ಕೂತ ನಾಯಿಯಂತೆ ಕಾಣುತ್ತಿತ್ತು.

"ಭಾವ, ರೋಡಿಗೆ ತಗಲ್ತದಲ್ಲ?"

"ತಗಲ್ಲಿ ಬಿಡು. ನಾನೇನು ರೋಡಿನ ಅಳತೆಗೆ ಮಾಡಿದ್ನಾ?"

"ನನ್ನ ಕೋಟು?"

"ಒಂದು ತೋಳು ಆಗೈತೆ" ಎಂದು ಮತ್ತೆ ಕಾರಿನ ಮೂತಿಯ ಕೆಳಗೆ ತೂರಿದರು.

ಮದುವೆಯ ಹಿಂದಿನ ದಿನ ಸಂಜೆಯಾದರೂ ಅವರ ಸುಳಿವಿಲ್ಲ. ಚಿಕ್ಕಮ್ಮನ ಮಗಳಿಗೆ ಸೀರೆ ಉಡಿಸೋಣವೇ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಾನು ಮತ್ತೆ ಮತ್ತೆ ಬೀದಿಗೆ ಬಂದು ನೋಡುತ್ತಿದ್ದೆ. ಅಷ್ಟರಲ್ಲಿ ಕಂಬದೂರು ರಸ್ತೆಯ ಕಡೆಯಿಂದ ಹತ್ತು ಪಾತ್ರೆ ಒಟ್ಟಿಗೆ ಉಜ್ಜುವ ಸದ್ದು ಬಂತು. ಸದ್ದಿನ ಹಿಂದೆ ಧೂಳು, ಧೂಳಿನ ಹಿಂದೆ ಕಾರು. ಪ್ರತಿ ಉಬ್ಬಿಗೂ ಹೊಟ್ಟೆ ಉಜ್ಜಿಕೊಳ್ಳುತ್ತಾ ಬಂದು ಚಪ್ಪರದ ಮುಂದೆ ನಿಂತಿತು.

ಅಕ್ಕನನ್ನು ಇಳಿಸಲು ನಾಲ್ಕು ಜನ ಓಡಿದರು. ಭಾವ ಅಡ್ಡ ಬಂದು, "ಯಾರೂ ಮುಟ್ಬ್ಯಾಡಿ" ಎಂದರು. ಅಕ್ಕ ಬಲಗಾಲನ್ನು ನೆಲಕ್ಕಿಟ್ಟಳು, ಎಡಗಾಲನ್ನು ಎಳೆದುಕೊಂಡಳು, ಸೆರಗು ಸರಿಮಾಡಿಕೊಂಡು ತಾನೇ ಎದ್ದು ನಿಂತಳು. ಅಮ್ಮ ಅಳುತ್ತಾ ನಗುತ್ತಾ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಭಾವ ಆಗಲೇ ಚಾಸಿ ನೋಡುವ ನೆಪದಲ್ಲಿ ಕಾರಿನ ಮೂತಿಯ ಕೆಳಗೆ ಮಲಗಿದ್ದರು. ಬಗ್ಗಿ ನೋಡಿದೆ. ಮುಖ ಆ ಕಡೆ ತಿರುಗಿಸಿಕೊಂಡೇ ಹೇಳಿದರು:

"ಕಾಲು ಮುರಿದಾಗ್ಲಿಂದ ನಿಮ್ಮಕ್ಕ ಎಲ್ಲಿಗೂ ಹೋಗಾನ ಅಂತ ಒಂದಿನಾನೂ ಕೇಳಿಲ್ಲ ಕಣಪ್ಪ. ನಂಗೆ ತೊಂದ್ರೆ ಆಯ್ತದೆ ಅಂತ ಕೇಳೋದೇ ಬಿಟ್ಬುಟ್ಳು. ಅದೇ ನಂಗೆ ತಡ್ಯಕ್ಕಾಗ್ಲಿಲ್ಲ."

ಮಾರನೆಯ ದಿನ ನಾನು ಯಾರದೋ ಕೋಟು ತೊಟ್ಟು ಹಸೆಮಣೆ ಏರಿದೆ. ಪಕ್ಕದಲ್ಲಿ ಅಕ್ಕ ಕಳಸ ಹಿಡಿದು ನೆಟ್ಟಗೆ ನಿಂತಿದ್ದಳು. ಅವಳ ಮುಖ ನೋಡುವ ಭರದಲ್ಲಿ ನಾನು ಹೆಂಡತಿಯ ಮುಖ ನೋಡಿದ್ದೇ ತಡವಾಯಿತು.

ಬೀಗರ ಊಟ ಮುಗಿಸಿ ಹೊರಡುವಾಗ ಅಕ್ಕ ಸೀಟಿನಲ್ಲಿ ಕೂತು ಕಾಲು ಚಾಚಿದಳು. ಬಳೆ ತಿರುಗಿಸುತ್ತಾ, "ಏನ್ರೀ, ಹಂಗೇ ಲೇಪಾಕ್ಷಿ ನೋಡ್ಕಂಡು ಹೋಗಾನ? ಸುತ್ತಾಗ್ತದೇನೋ" ಎಂದಳು.

ಸುತ್ತಾಗುವುದೆಂದರೇನು? ಹಿಂದೂಪುರದ ಮನೆಯನ್ನೇ ದಾಟಿ ಇನ್ನೂ ಮುಂದಕ್ಕೆ ಹೋಗಬೇಕು! ಅದು ಮೂವರಿಗೂ ಗೊತ್ತಿತ್ತು. ಬಟ್ಟೆಯಲ್ಲಿ ಒಂದು ಬೆರಳು ಹೆಚ್ಚುಕಮ್ಮಿಯಾದರೂ ನಿದ್ದೆಗೆಡುವ ನಮ್ಮ ಭಾವ, ತುಂಬಿಬಂದ ಕಣ್ಣನ್ನು ಒರೆಸಿಕೊಳ್ಳದೆ ನನ್ನ ಕಡೆ ನೋಡಿದರು.

"ಸುತ್ತೇನು ಬಂತು. ದಾರಿ ಮೇಲೇ ಐತಲ್ಲ, ಅಲ್ವೇನಪ್ಪ ಬಾಮೈದ?"

"ಹೂಂ ಕಣಕ್ಕ, ದಾರಿ ಮೇಲೇ ಐತೆ" ಎಂದೆ.