ಕಂಬಳಿಯ ಕೂದಲು

ಭಾನುವಾರ ಬರಬೇಕಾಗಿದ್ದ ಹೆಂಡತಿ ಶುಕ್ರವಾರವೇ ಬರುತ್ತೇನೆಂದು ಫೋನು ಮಾಡಿದ್ದರಿಂದ ಎಲ್ಲವೂ ಶುರುವಾಯಿತು.

"ರೀ, ಸಂಜೆ ಐದರ ರೈಲಿಗೆ ಬಂದುಬಿಡ್ತೀನಿ. ಯಾಕೆ ಅಂತ ಬಂದಮೇಲೆ ಹೇಳ್ತೀನಿ. ಕಂಬಳಿ ಹೇಗಿದ್ದಾನೆ?"

"ಅವನಿಗೇನು, ಆರಾಮಾಗಿದ್ದಾನೆ."

"ಬೆಳಗಿನ ಔಷಧಿ ಕೊಟ್ರಾ?"

"ಈಗ ತಾನೇ ಕೊಟ್ಟೆ."

ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು, ಫೋನು ಕಟ್ಟಾಯಿತು. ಗಡಿಯಾರ ರಿಪೇರಿಯವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಾಗಿಲ ಕಡೆ ತಿರುಗಿದ. ಹೊಸ್ತಿಲ ಮೇಲೆ ಕಂಬಳಿ ಮಲಗಿತ್ತು. ಮರಿಯಾಗಿದ್ದಾಗ ಆ ನಾಯಿಯ ಮೈಮೇಲೆ ಎಷ್ಟು ಕೂದಲಿತ್ತೆಂದರೆ ಕಣ್ಣು ಎಲ್ಲಿ, ಬಾಲ ಎಲ್ಲಿ ಎಂದು ಹುಡುಕಿ ನೋಡಬೇಕಿತ್ತು. ಅದಕ್ಕೇ ಹೆಂಡತಿ ಆ ಹೆಸರಿಟ್ಟಿದ್ದಳು. ಈಗ ಹತ್ತು ವರ್ಷದ ಕಂಬಳಿಯ ಬೆನ್ನ ಮೇಲೆ ಅಂಗೈಯಗಲದ ಬೋಳು, ಪಕ್ಕೆಯಲ್ಲಿ ಎರಡು ಬೋಳು, ತೊಡೆಯಲ್ಲೊಂದು. ಬೋಳಿನ ಸುತ್ತ ಕೆಂಪು ಗುಳ್ಳೆ, ಗುಳ್ಳೆಯ ಸುತ್ತ ಹೊಟ್ಟು. ಹತ್ತಿರ ಹೋದರೆ ಒದ್ದೆ ಬಟ್ಟೆಯನ್ನು ನಾಲ್ಕು ದಿನ ಮುಚ್ಚಿಟ್ಟ ಹಾಗೆ ವಾಸನೆ. ಒಟ್ಟಿನಲ್ಲಿ ಇಲಿ ಕಡಿದು ಬಿಟ್ಟ ಬೂಟು ಬ್ರಷ್ಷಿನ ಹಾಗಿತ್ತು.

ಮೂರು ವಾರದ ಹಿಂದೆ ಅದಕ್ಕೆ ತುರಿಕೆ ಹತ್ತಿದಾಗ ಪ್ರಾಣಿಗಳ ಡಾಕ್ಟರಮ್ಮ ಮೂರು ವಾರದ ಮಾತ್ರೆ ಬರೆದುಕೊಟ್ಟಿದ್ದರು. ಮೊದಲ ವಾರ ಹೆಂಡತಿಯೇ ದಿನಕ್ಕೆರಡು ಸಲ ಕೊಟ್ಟಳು. ತುರಿಕೆ ನಿಂತಿತು. ಅಷ್ಟರಲ್ಲಿ ಅವಳ ಅಕ್ಕನ ಮಂಡಿ ಆಪರೇಷನ್ನು ಬಂತು. "ಗುಣವಾಯ್ತು ಅಂತ ನಿಲ್ಲಿಸಬೇಡಿ, ಇನ್ನೂ ಎರಡು ವಾರ ಕೊಡಲೇಬೇಕು" ಎಂದು ನೂರು ಸಲ ಹೇಳಿ, ಮಾತ್ರೆ ತುಂಬಿದ ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟು ಹೊರಟುಹೋದಳು. ಮೊದಲ ದಿನ ಇವನು "ಕಂಬಳೀ" ಎಂದು ಕರೆದದ್ದೇ ತಡ, ನಾಯಿ ಮಂಚದ ಕೆಳಗೆ ತೂರಿಕೊಂಡಿತು. ಅಂಗಡಿಗೆ ಹೊತ್ತಾಗಿತ್ತು. ನಾಳೆ ಕೊಟ್ಟರಾಯಿತು ಎಂದುಕೊಂಡ. ಅಂದು ಸಂಜೆ ಹೆಂಡತಿ ಕೇಳಿದಾಗ ನಾಲಿಗೆ ತಾನಾಗಿ "ಕೊಟ್ಟೆ" ಎಂದುಬಿಟ್ಟಿತು. ಮರುದಿನವೂ ಅದೇ ಮಾತು. ಗಿರಾಕಿಯ ಗಡಿಯಾರ ಒಂದು ನಿಮಿಷ ಹಿಂದೆ ಬಿದ್ದರೂ ಅದನ್ನು ವಾಪಸು ಕೊಡದ ಮನುಷ್ಯ ಎರಡು ವಾರ ಆ ಡಬ್ಬಿಯ ಮುಚ್ಚಳವನ್ನೂ ತೆರೆಯಲಿಲ್ಲ. ಕಂಬಳಿ ಮತ್ತೆ ಕೆರೆದುಕೊಳ್ಳತೊಡಗಿದಾಗ ತೆರೆಯಬಹುದಿತ್ತು. ಆದರೆ ಅಷ್ಟು ಹೊತ್ತಿಗೆ "ಕೊಟ್ಟೆ" ಎನ್ನುವುದು ಅಭ್ಯಾಸವಾಗಿ, ಕೊಡುವುದಕ್ಕೆ ನಾಚಿಕೆಯಾಗತೊಡಗಿತ್ತು.

ಫೋನು ಇಟ್ಟವನು ಅಂದು ಅಂಗಡಿಯನ್ನೇ ತೆರೆಯದೆ ಕಂಬಳಿಯನ್ನು ಅಂಗಳಕ್ಕೆ ಕರೆತಂದ. ಅಂಗಳ ಎಂದರೆ ಮೂರು ಮನೆಗೂ ಒಂದೇ. ಅಲ್ಲಿ ಸೀನಿದರೂ ಮೂರು ಕಡೆಯಿಂದ ಸಲಹೆ ಬರುತ್ತದೆ. ಪಕ್ಕದ ಮನೆಯ ರಿಟೈರಾದ ಟೀಚರಮ್ಮ ಕಿಟಕಿಯಿಂದಲೇ ಕೂಗಿದರು.

"ಏನಪ್ಪಾ ಇದು, ನಾಯಿಗೆ ಈ ಗತಿ! ನಿನ್ನ ಹೆಂಡತಿ ಇದನ್ನ ನೋಡಿದ್ಲಾ?"

"ಸಂಜೆ ನೋಡ್ತಾಳೆ ಟೀಚರಮ್ಮ."

"ದೇವರೇ! ಇರು ಬಂದೆ."

ಅವರು ಬಂದಾಗ ಒಂದು ಕೈಯಲ್ಲಿ ಹರಳೆಣ್ಣೆ, ಇನ್ನೊಂದು ಕೈಯಲ್ಲಿ ಗಂಧಕದ ಪುಡಿಯ ಪೊಟ್ಟಣ ಇತ್ತು. ನಲವತ್ತು ವರ್ಷ ಮಕ್ಕಳ ಕಜ್ಜಿ ನೋಡಿದವರು ತಾವು, ನಾಯಿಯದೇನು ಮಹಾ ಎಂದು ಎರಡನ್ನೂ ಕಲಸಿ ಕಂಬಳಿಯ ಮೈಗೆಲ್ಲ ಬಳಿದರು. "ಎರಡು ಗಂಟೆ ಅಲ್ಲಾಡದ ಹಾಗೆ ಹಿಡಿದುಕೋ" ಎಂದು ಪಾಠ ಮುಗಿಸಿದವರ ಹಾಗೆ ಕೈ ತೊಳೆಯಲು ಹೋದರು.

ಅಲ್ಲಾಡದ ಹಾಗೆ ಹಿಡಿದುಕೊಂಡದ್ದು ಎರಡು ನಿಮಿಷ. ಆಗ ಎದುರುಮನೆಯ ಟೈಲರ್ ಬಂದ. ಅವನಿಗೆ ಎಲ್ಲ ಸಮಸ್ಯೆಯೂ ಬಟ್ಟೆಯಿಂದಲೇ ಬಗೆಹರಿಯುವಂಥದ್ದು.

"ಗಡಿಯಾರದಣ್ಣಾ, ಇದಕ್ಕೆಲ್ಲ ಯಾಕೆ ಎಣ್ಣೆ? ಒಂದು ಕೋಟು ಹೊಲಿದು ಹಾಕಿಬಿಡೋಣ. ಅತ್ತಿಗೆ ಬಂದಾಗ ಚಳಿ ಅಂತ ಹೇಳು."

"ಈ ಸೆಕೆಯಲ್ಲಿ?"

"ನಾಯಿಗೆ ಚಳಿಯಾಗಬಾರದು ಅಂತ ಕಾನೂನಿದೆಯಾ? ಸೂಟಿನ ತುಂಡು ಉಳಿದಿದೆ. ಒಳಜೇಬು ಬೇಕಾ?"

"ನಾಯಿಗೆ ಯಾಕಪ್ಪಾ ಒಳಜೇಬು?"

"ಸುಮ್ಮನೆ ಕೇಳಿದೆ. ಆಮೇಲೆ ಕೇಳಲೇ ಇಲ್ಲ ಅನ್ನಬೇಡ."

ಹೀಗೆಂದು ಕೊರಳಲ್ಲಿದ್ದ ಟೇಪನ್ನು ತೆಗೆದು ಕಂಬಳಿಯ ಹೊಟ್ಟೆಗೆ ಸುತ್ತಿದ. ಟೇಪು ಗುಳ್ಳೆಗೆ ತಾಕಿತೋ ಇಲ್ಲವೋ, ಕಂಬಳಿ ಕುಯ್ಯೆಂದು ಕಿರುಚಿ, ಎಣ್ಣೆಯ ಮೈ ಇಬ್ಬರ ಕೈಯಿಂದಲೂ ಜಾರಿ, ನೇರ ಟೈಲರನ ಅಂಗಡಿಯೊಳಕ್ಕೆ ನುಗ್ಗಿತು. ಅಲ್ಲಿ ಶಾಲೆಯ ಮಕ್ಕಳ ಬಿಳಿ ಅಂಗಿಗಳು, ಇಸ್ತ್ರಿಯಾದವು, ಅರವತ್ತು, ಸಾಲಾಗಿ ಮಡಿಸಿಟ್ಟಿದ್ದವು. ಮೈ ಒರೆಸಿಕೊಳ್ಳಲು ಅದಕ್ಕಿಂತ ಮೆತ್ತನೆಯ ಜಾಗ ಕಂಬಳಿಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಮನದಣಿಯೆ ಹೊರಳಾಡಿತು.

ಟೈಲರ್ ಬಾಗಿಲಲ್ಲಿ ನಿಂತು ನೋಡಿದ. ಬಯ್ಯುವುದಕ್ಕೆ ಬಾಯಿ ತೆರೆದವನು ಹಾಗೇ ನಿಂತ. ಅಂಗಿಗಳ ಮೇಲೆ ಹಳದಿ ಎಣ್ಣೆಯ ಜೊತೆ ಕೂದಲಿನ ಗೊಂಚಲುಗಳು ಅಂಟಿದ್ದವು. ಅಲ್ಲಲ್ಲಿ ರಕ್ತದ ಚುಕ್ಕೆ.

"ಅಣ್ಣಾ," ಎಂದ ಮೆಲ್ಲಗೆ, "ಅಂಗಿ ನಾನು ಒಗೆಸ್ಕೋತೀನಿ. ಮೊದಲು ಇದನ್ನ ಡಾಕ್ಟರ ಹತ್ತಿರ ಕರಕೊಂಡು ಹೋಗು. ಅದಕ್ಕೆ ನೋವಾಗ್ತಿದೆ."

ನೋವು ಎಂಬ ಮಾತು ಎರಡು ವಾರದಲ್ಲಿ ಒಮ್ಮೆಯೂ ಇವನ ತಲೆಗೆ ಬಂದಿರಲಿಲ್ಲ. ಬಂದದ್ದೆಲ್ಲ ಹೆಂಡತಿಯ ಮುಖವೇ. ಹಳೆಯ ಬೆಡ್‌ಶೀಟಿನಲ್ಲಿ ಕಂಬಳಿಯನ್ನು ಸುತ್ತಿ ಎತ್ತಿಕೊಂಡ. ಅದು ಅವನ ಕತ್ತಿನ ಸಂದಿಯಲ್ಲಿ ಮೂಗಿಟ್ಟು, ಯಾವ ದೂರೂ ಇಲ್ಲದ ಹಾಗೆ ಉಸಿರುಬಿಟ್ಟಿತು. ಬೈದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

ಡಾಕ್ಟರಮ್ಮ ಮೊದಲು ಗಂಧಕಕ್ಕೆ ಸೀನಿದರು, ಆಮೇಲೆ ನಾಯಿಯನ್ನು ನೋಡಿದರು. ಸೆಲ್ಲೋ ಟೇಪಿನ ತುಂಡೊಂದನ್ನು ಗುಳ್ಳೆಯ ಮೇಲೆ ಒತ್ತಿ ತೆಗೆದು, ಗಾಜಿನ ಪಟ್ಟಿಗೆ ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಸೋಂಕು ಹಾಗೇ ಇದೆ. ಹಾಗೇ ಏನು, ಮೂರರಷ್ಟಾಗಿದೆ. ಮೂರು ವಾರದ ಮಾತ್ರೆ ಪೂರ್ತಿ ಕೊಟ್ರಾ?"

"ಕೊಟ್ವಿ ಡಾಕ್ಟ್ರೇ."

"ಒಂದೂ ತಪ್ಪಿಸದೆ?"

"ಒಂದೂ ತಪ್ಪಿಸದೆ."

ಡಾಕ್ಟರಮ್ಮ ಕನ್ನಡಕ ತೆಗೆದರು. "ಹಾಗಾದ್ರೆ ಇದು ಸುಲಭದ್ದಲ್ಲ. ಪೂರ್ತಿ ಮಾತ್ರೆಗೂ ಬಗ್ಗಿಲ್ಲ ಅಂದ್ರೆ ಒಳಗೆ ಬೇರೇನೋ ಇರಬಹುದು. ಮತ್ತಿನ ಇಂಜೆಕ್ಷನ್ ಕೊಟ್ಟು ನಾಲ್ಕು ಕಡೆ ಚರ್ಮದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ವಯಸ್ಸಾಗಿರೋ ನಾಯಿ. ಆ ಮತ್ತನ್ನ ತಡ್ಕೊಳ್ಳುತ್ತಾ ಇಲ್ವಾ ಅನ್ನೋದೇ ನನಗೆ ಸ್ವಲ್ಪ ಹೆದರಿಕೆ. ಇಲ್ಲಿ ಸಹಿ ಮಾಡಿ."

ಅವನು ಪೆನ್ನು ಹಿಡಿದ. ಕಾಗದದ ಮೇಲೆ ನಾಯಿಯ ಹೆಸರು ಬರೆಯುವ ಜಾಗದಲ್ಲಿ 'ಕಂಬಳಿ' ಎಂದು ಬರೆದಿತ್ತು. ಮೇಜಿನ ಮೇಲಿದ್ದ ಕಂಬಳಿ, ತನ್ನ ಹೆಸರಿಗೆ ಸರಿಹೊಂದುವ ಒಂದು ಹಿಡಿ ಕೂದಲೂ ಇಲ್ಲದೆ, ಅವನನ್ನೇ ನೋಡುತ್ತ ಬಾಲ ಅಲ್ಲಾಡಿಸಿತು.

"ಡಾಕ್ಟ್ರೇ, ಕೊಟ್ಟಿಲ್ಲ."

"ಏನು ಕೊಟ್ಟಿಲ್ಲ?"

"ಮಾತ್ರೆ. ಕೊನೇ ಎರಡು ವಾರದ್ದು ಒಂದೂ ಕೊಟ್ಟಿಲ್ಲ. ಡಬ್ಬೀನೇ ತೆಗೆದಿಲ್ಲ."

ಅವರು ಬೈಯುತ್ತಾರೆಂದು ತಲೆ ತಗ್ಗಿಸಿದ. ಡಾಕ್ಟರಮ್ಮ ಕಾಗದವನ್ನು ಎಳೆದುಕೊಂಡು ಎರಡಾಗಿ ಹರಿದರು. "ಇದನ್ನ ಹತ್ತು ನಿಮಿಷ ಮೊದಲೇ ಹೇಳಬಾರದಿತ್ತಾ? ನಿಮ್ಮ ಸುಳ್ಳಿಗೆ ಇದರ ಚರ್ಮ ಕತ್ತರಿಸಿಬಿಡ್ತಿದ್ದೆನಲ್ಲ!" ಎಂದರು. ಆಮೇಲೆ ದನಿ ಇಳಿಸಿ, "ಮನೆಯವರಿಗೂ ನೀವೇ ಹೇಳಿ. ಇವತ್ತೇ" ಎಂದರು.

"ಇವತ್ತೇ ಹೇಳ್ತೀನಿ."

ಹೊಸ ಮಾತ್ರೆ ಬರೆದುಕೊಟ್ಟರು. ಔಷಧದ ಶಾಂಪೂ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯುವುದನ್ನು ತೋರಿಸಿಕೊಟ್ಟರು. ಗಾಳಿಯಾಡಲಿ ಎಂದು ಉಳಿದಿದ್ದ ಕೂದಲನ್ನೂ ಯಂತ್ರ ಹಿಡಿದು ಬೋಳಿಸಿ, ನೆಕ್ಕಿಕೊಳ್ಳದಿರಲೆಂದು ಕೊರಳಿಗೆ ಪ್ಲಾಸ್ಟಿಕ್ಕಿನ ದೊಡ್ಡ ಲಾಳಿಕೆಯಂಥದ್ದನ್ನು ತೊಡಿಸಿದರು. ಮನೆ ಮುಟ್ಟಿದಾಗ ನಾಲ್ಕೂಮುಕ್ಕಾಲು. ಒದ್ದೆ ಅಂಗಿಗಳನ್ನು ಹರವುತ್ತಿದ್ದ ಟೈಲರ್ ದಂಗಾಗಿ ನೋಡಿ, "ಅಣ್ಣಾ, ಕಂಬಳಿ ಹೋಗಿ ಕರವಸ್ತ್ರ ಆಯ್ತಲ್ಲ!" ಎಂದ.

ದಾರಿಯುದ್ದಕ್ಕೂ ಅವನು ಹೆಂಡತಿಗೆ ಹೇಳಬೇಕಾದ್ದನ್ನು ಹೇಳಿ ಹೇಳಿ ಪಕ್ಕಾ ಮಾಡಿಕೊಂಡಿದ್ದ. ಮೊದಲು ಚೀಲ ತೆಗೆದುಕೊಳ್ಳುವುದು. ನೀರು ಕೊಡುವುದು. ಆಮೇಲೆ, "ನನ್ನಿಂದ ದೊಡ್ಡ ತಪ್ಪಾಗಿದೆ ಕಣೇ." ಇಷ್ಟೇ. ಬೈದರೆ ಬೈಸಿಕೊಳ್ಳುವುದು.

ಹೆಂಡತಿ ಬಂದಳು. ಚೀಲ ಇನ್ನೂ ಅವಳ ಕೈಯಲ್ಲೇ ಇತ್ತು. ಲಾಳಿಕೆಯೊಳಗಿಂದ ಇಣುಕುತ್ತಿದ್ದ ಬೋಳು ಪ್ರಾಣಿಯನ್ನು ಕಂಡವಳೇ ಅಲ್ಲೇ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತಳು.

"ನನ್ನಿಂದ ದೊಡ್ಡ ತಪ್ಪಾಗಿದೆ ಕಣ್ರೀ!"

ತನ್ನ ಮಾತು ಅವಳ ಬಾಯಲ್ಲಿ ಕೇಳಿ ಅವನು ಬೆಪ್ಪಾದ.

"ಎರಡು ಡಬ್ಬಿನೂ ಒಂದೇ ಥರ ಇತ್ತು. ಒಂದರಲ್ಲಿ ಇವನ ಮಾತ್ರೆ, ಒಂದರಲ್ಲಿ ನನ್ನ ಮೂಳೆ ಮಾತ್ರೆ. ಹೊರಡೋ ಗಡಿಬಿಡೀಲಿ ಇವನದನ್ನ ನಾನು ತಗೊಂಡು ಹೋಗಿದ್ದೀನಿ, ನನ್ನದನ್ನ ಇಲ್ಲಿಟ್ಟಿದ್ದೀನಿ. ಅಕ್ಕನ ಆರೈಕೆಯ ಮಧ್ಯೆ ಬಣ್ಣನೂ ನೋಡದೆ ಎರಡು ವಾರ ಹೊತ್ತು ತಪ್ಪದೆ ನಾಯಿ ಮಾತ್ರೆ ನುಂಗಿದ್ದೀನಿ ರೀ! ಅಕ್ಕನ ಮಗಳು ನರ್ಸ್ ಅಲ್ವಾ, ನಿನ್ನೆ ನೋಡಿ, 'ಚಿಕ್ಕಮ್ಮ, ಇದು ಯಾವ ಮೂಳೆಗೆ?' ಅಂದ್ಲು. ನನಗೇನೂ ಆಗಲ್ವಂತೆ. ಆದರೆ ಇವನು... ನೀವು ಪಾಪ ದಿನಾ ನಂಬಿಕೊಂಡು ಕೊಟ್ರಿ, ನಾನು ತಪ್ಪು ಮಾತ್ರೆ ಇಟ್ಟು ಹೋದೆ. ಫೋನಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಓಡಿಬಂದೆ."

ಇವನ ತಲೆಯಲ್ಲಿ ಏನೋ ಗಿರ್ರನೆ ತಿರುಗಿತು. ಕಂಬಳಿಯ ಮಾತ್ರೆ ಅರ್ಧ ಹಸಿರು, ಅರ್ಧ ಬಿಳಿ ಎಂದು ಅವಳು ಹೋಗುವಾಗಲೇ ಹೇಳಿದ್ದಳು. ಮೊದಲ ದಿನವೇ ಮುಚ್ಚಳ ತೆರೆದಿದ್ದರೆ, ಬರೀ ಬಿಳಿ ಬಿಲ್ಲೆ ಕಂಡು ಫೋನು ಮಾಡುತ್ತಿದ್ದ. ಅಂದೇ ಎಲ್ಲ ಸರಿಹೋಗುತ್ತಿತ್ತು. ತೆರೆಯದಿದ್ದದ್ದಕ್ಕೇ ಕಂಬಳಿಯ ಕೂದಲು ಹೋಯಿತು, ಅವಳು ನಾಯಿಯ ಮಾತ್ರೆ ನುಂಗಿದಳು, ಈಗ ಕೂತು ಅಳುತ್ತಿದ್ದಾಳೆ. ಹೇಳಬೇಕಾದ ಮಾತು ಗಂಟಲವರೆಗೆ ಬಂದೇ ಬಂತು.

"ನನ್ನನ್ನ ಕ್ಷಮಿಸಿಬಿಡ್ರೀ," ಎಂದಳು ಹೆಂಡತಿ.

ಇಪ್ಪತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವನು ಹೇಳಿದ್ದೇ ಹೊರತು ಕೇಳಿರಲಿಲ್ಲ. ಎಷ್ಟು ಹಿತವಾಗಿತ್ತು! ಬಂದ ಮಾತು ಗಂಟಲಿನಿಂದ ಮೆಲ್ಲಗೆ ಕೆಳಗಿಳಿಯಿತು. ಅವಳ ಪಕ್ಕ ಕೂತು ಬೆನ್ನು ತಟ್ಟಿದ.

"ಹೋಗ್ಲಿ ಬಿಡೇ. ಬೇಕಂತ ಮಾಡಿದ್ಯಾ? ಇನ್ನುಮುಂದೆ ಸ್ವಲ್ಪ ಹುಷಾರಾಗಿರು, ಅಷ್ಟೇ."

ಆ ಕೊನೆಯ ಮಾತು ಬೇಡವಾಗಿತ್ತು ಎಂದು ಅವನಿಗೆ ಆಗಲೇ ಅನಿಸಿತು. ಕಾಫಿ ಕುಡಿದಮೇಲೆ ಎಲ್ಲ ಹೇಳಿದರಾಯಿತು ಎಂದುಕೊಂಡು ಒಲೆ ಹಚ್ಚಲು ಎದ್ದ. ಹಾಲು ಇನ್ನೂ ಉಕ್ಕಿರಲಿಲ್ಲ, ಹೊರಗೆ ಅವಳ ದನಿ ಕೇಳಿಸಿತು.

"ಡಾಕ್ಟ್ರೇ, ಕಂಬಳಿ ಮನೆಯಿಂದ ಮಾತಾಡ್ತಿರೋದು. ನಮ್ಮ ಯಜಮಾನ್ರದ್ದು ಏನೂ ತಪ್ಪಿಲ್ಲ, ಅವರು ಹೊತ್ತುಹೊತ್ತಿಗೆ ಕೊಟ್ಟಿದ್ದಾರೆ. ಮಾತ್ರೆನೇ ಬೇರೆ ಇತ್ತು, ಅದು ನನ್ನ ತಪ್ಪು..."

ಅವನು ಒಲೆ ಬಿಟ್ಟು ಓಡಿದ. ಬಾಗಿಲು ದಾಟುವಷ್ಟರಲ್ಲಿ ಫೋನಿನೊಳಗಿಂದ ಡಾಕ್ಟರಮ್ಮನ ದನಿ ಸ್ಪಷ್ಟವಾಗಿ ಬಂತು:

"ಅಯ್ಯೋ, ಒಂದೂ ಕೊಟ್ಟಿಲ್ಲ, ಡಬ್ಬೀನೇ ತೆಗೆದಿಲ್ಲ ಅಂತ ಅವರೇ ಹೇಳಿದ್ರಲ್ಲಮ್ಮಾ. ನಿಮಗಿನ್ನೂ ಹೇಳಿಲ್ವಾ?"

ಹೆಂಡತಿ ಫೋನು ಕೆಳಗಿಟ್ಟಳು. ಕಣ್ಣೀರು ಒರೆಸಿಕೊಂಡಳು. ಅವನು ಬೈಗುಳಕ್ಕೆ ಕಾದು ನಿಂತ. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯುವುದು ಕೇಳಿಸಿತು.

"ಮಾತ್ರೆ ಕೊಡಲಿಲ್ಲ, ಹೋಗ್ಲಿ," ಎಂದಳು ಕೊನೆಗೆ. "ಸುಳ್ಳು ಹೇಳಿದ್ರಿ, ಅದೂ ಹೋಗ್ಲಿ. ಈಗ ನನ್ನನ್ನ ಕ್ಷಮಿಸಿದ್ರಲ್ಲ, ಅದು ಹೇಗೆ ಮನಸ್ಸು ಬಂತು ನಿಮಗೆ?"

ಕಂಬಳಿಗೆ ಮೂರು ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗಿ ಕೂದಲು ಬಂತು. ಆ ಪ್ರಶ್ನೆ ನೆನಪಾದಾಗಲೆಲ್ಲ ಅವನು ಈಗಲೂ ಎದ್ದು ಹೋಗಿ ಮಾತ್ರೆ ಡಬ್ಬಿಯ ಮುಚ್ಚಳ ತೆರೆದು ನೋಡುತ್ತಾನೆ.