ಹಿಮ್ಮಡಿ ವಿಭಾಗ

ವಸ್ತುಸಂಗ್ರಹಾಲಯದ ಸಿಂಹಾಸನ ಸಭಾಂಗಣದ ಕಾವಲುಗಾರ್ತಿಗೆ, ಯಾರೂ ಇಲ್ಲದಾಗ ಎಡಗಾಲಿನ ಚಪ್ಪಲಿ ಕಳಚಿ, ಹಿಮ್ಮಡಿಯನ್ನು ತಣ್ಣನೆಯ ಕಲ್ಲುಕಂಬಕ್ಕೆ ಒತ್ತಿಕೊಂಡು ನಿಲ್ಲುವ ಅಭ್ಯಾಸವಿತ್ತು. ಸುತ್ತ ಇದ್ದದ್ದೆಲ್ಲ ಕೂರುವ ವಸ್ತುಗಳೇ. ಆದರೆ ಸಿಬ್ಬಂದಿ ಕೂರತಕ್ಕದ್ದಲ್ಲ. ಕೂತಲ್ಲಿ, ಅವರನ್ನೂ ಪುರಾತನ ವಸ್ತುವೆಂದು ಸಾರ್ವಜನಿಕರು ಭಾವಿಸುವ ಸಂಭವವಿದೆ ಎಂದು ನಿಯಮವೇ ಇತ್ತು.

ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆಯಿಟ್ಟರೆ ಸಾಕು, ಹಿಮ್ಮಡಿಗೆ ಮೊಳೆ ಹೊಡೆದಂತಾಗಿ ಕಣ್ಣಲ್ಲಿ ನೀರು ಬರತೊಡಗಿದಾಗ ಅವಳು ಧೈರ್ಯ ಮಾಡಿ ನಿರ್ದೇಶಕರ ಕೋಣೆಗೆ ಹೋದಳು.

"ಒಂದು ಸ್ಟೂಲ್ ಕೊಡಿಸಿದ್ರೆ ಸಾಕು ಸಾರ್."

"ನೋವೆಲ್ಲಿ?"

"ಹಿಮ್ಮಡೀಲಿ."

"ಸ್ಟೂಲ್ ಮೇಲೆ ಯಾರಾದ್ರೂ ಹಿಮ್ಮಡೀಲಿ ಕೂರ್ತಾರೇನಮ್ಮ?" ಎಂದರು ನಿರ್ದೇಶಕರು. ಆದರೂ ಕರುಳಿರುವ ಮನುಷ್ಯ, ವೈದ್ಯೆಯನ್ನು ಕರೆಸಿದರು.

ವೈದ್ಯೆ ಅಂಗಾಲನ್ನು ಒತ್ತಿ ನೋಡಿದಳು. "ಗಟ್ಟಿ ನೆಲ, ಸವೆದ ಚಪ್ಪಲಿ, ದಿನವಿಡೀ ನಿಲ್ಲೋದು. ನೋಯದೆ ಇನ್ನೇನಾಗುತ್ತೆ? ಮೆತ್ತನೆ ಚಪ್ಪಲಿ ಹಾಕ್ಕೊಳ್ಳಿ. ಪಾದದಡಿ ಬಾಟಲಿ ಉರುಳಿಸಿ. ಮುಖ್ಯವಾಗಿ, ಆಗಾಗ ಕೂತ್ಕೊಳ್ಳಿ."

ನಿರ್ದೇಶಕರು ಕನ್ನಡಕ ತೆಗೆದರು. "ಇಂಥ ಜ್ಞಾನ ಒಬ್ಬಳಿಗೇ ಮೀಸಲಾದ್ರೆ ಅನ್ಯಾಯ," ಎಂದರು.

ಮರುವಾರವೇ ಬಡಗಿ ಬಂದು ಅವಳ ಮೊಣಕಾಲಿನ ಎತ್ತರ ಅಳೆದುಕೊಂಡು ಹೋದ. ಸ್ಟೂಲ್ ಬಂತು. ಮೆತ್ತೆ ಹಾಕಿದ್ದು, ಅಂಚು ನುಣುಪಾಗಿ ಉಜ್ಜಿದ್ದು. ಅವಳು ಸೀರೆ ಸರಿಮಾಡಿಕೊಂಡು ಇನ್ನೇನು ಕೂರಬೇಕು, ಹಿಂದಿನಿಂದ ಗಾಜಿನ ಪೆಟ್ಟಿಗೆಯೂ ಬಂತು. ಸ್ಟೂಲ್ ಒಳಗೆ ಹೋಯಿತು. ಅದರ ಪಕ್ಕದಲ್ಲಿ ಅವಳ ಅಳತೆಯ ಮೆತ್ತನೆ ಚಪ್ಪಲಿ, ಬಾಟಲಿ. ಬಾಗಿಲಲ್ಲಿ ಫಲಕ ನೇತುಬಿತ್ತು:

"ಸಾರ್ವಜನಿಕರ ಅವಗಾಹನೆಗೆ: ಪಾದನೋವಿನ ಕಾರಣಗಳು ಹಾಗೂ ಆರೈಕೆಯನ್ನು ಕುರಿತ ಹಿಮ್ಮಡಿ ವಿಭಾಗವನ್ನು ಇಲ್ಲಿ ತೆರೆಯಲಾಗಿದೆ. ನಿಂತೇ ವೀಕ್ಷಿಸತಕ್ಕದ್ದು."

ಸಿಂಹಾಸನ ಕದ್ದವನಿಗೆ ಅದನ್ನು ಮಾರುವುದು ಕಷ್ಟ, ಸ್ಟೂಲ್ ಹಾಗಲ್ಲ. ಆದ್ದರಿಂದ ಅವಳ ಪಾಳಿಯನ್ನು ಒಂದು ಗಂಟೆ ಹಿಗ್ಗಿಸಿ, ಪೆಟ್ಟಿಗೆಯ ಕೀಲಿಯನ್ನು ಅವಳ ಸೊಂಟಕ್ಕೇ ಸಿಕ್ಕಿಸಲಾಯಿತು.

"ನಿನ್ ಸ್ಟೂಲ್ ಪೇಪರಲ್ಲಿ ಬಂದಿದೆ ಕಣೇ!" ಎಂದು ಗಂಡ ಬೀದಿಗೆಲ್ಲ ಸಾರಿದ.

"ಪುಣ್ಯವಂತೆ ನೀನು ಬಿಡಕ್ಕಾ," ಎಂದಳು ಕಸ ಗುಡಿಸುವವಳು. "ನನ್ ಸೊಂಟನೋವಿಗೆ ಒಂದು ಮೂಲೇನೂ ಕೊಟ್ಟಿಲ್ಲ ಈ ಜನ." ಅವಳೂ ಅರ್ಜಿ ಹಾಕಿದ್ದಳು. ಮಾಲಿಯ ಮಂಡಿನೋವು ಪರಿಶೀಲನೆಯಲ್ಲಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಬಂದು, ಫಲಕವನ್ನು ಒಂದಕ್ಷರವೂ ಬಿಡದೆ ಓದಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿದಳು. ಆಮೇಲೆ ಕಾವಲುಗಾರ್ತಿಯ ಕಾಲನ್ನು ನೋಡಿದಳು. ಅವಳೂ ಅದನ್ನೇ ಮಾಡುತ್ತಿದ್ದಳು.

"ನಿನಗೂ ಹಿಮ್ಮಡೀನಾ?"

ಕಾವಲುಗಾರ್ತಿ ಹೌದೆಂದು ತಲೆಯಾಡಿಸಿದಳು.

ಮುದುಕಿ ಅತ್ತಿತ್ತ ನೋಡಿ, ಪೆಟ್ಟಿಗೆಯ ಗಾಜಿಗೆ ಬೆರಳೊತ್ತಿ ಸ್ಟೂಲ್ ತೋರಿಸುತ್ತ ದನಿ ತಗ್ಗಿಸಿದಳು. "ಕೀಲಿ ನಿನ್ ಸೊಂಟದಲ್ಲೇ ಇದೆಯಲ್ಲ ತಾಯಿ. ಯಾರೂ ಇಲ್ಲ. ಒಂದು ಗಳಿಗೆ ತೆಗಿ. ಮೊದಲು ನೀನು ಕೂತ್ಕೋ, ಆಮೇಲೆ ನಾನು."

ಕಾವಲುಗಾರ್ತಿ ಸೆರಗಿನ ತುದಿಯಿಂದ, ಗಾಜಿನ ಮೇಲೆ ಬಿದ್ದಿದ್ದ ಮುದುಕಿಯ ಬೆರಳ ಗುರುತನ್ನು ಒರೆಸತೊಡಗಿದಳು.