ಬಾತುಗಳಿಗೆ ಹಾಸಿಗೆ ಹಾಸಿದ್ದು

ಹೆಂಡತಿಯ ಮುಂದೆ ತನ್ನ ಕಸುಬಿನ ಜಂಬ ಕೊಚ್ಚಿಕೊಳ್ಳುವ ಗಂಡಸಿಗೆ ದೇವರು ಒಂದಲ್ಲ ಒಂದು ದಿನ ಅದೇ ಕಸುಬಿನಲ್ಲಿ ಪರೀಕ್ಷೆ ಇಡುತ್ತಾನೆ. ಅಜ್ಜಂಪುರದಲ್ಲಿ ನನ್ನದು ಹತ್ತಿ ಹಾಸಿಗೆಯ ಅಂಗಡಿ. ನನ್ನ ಪರೀಕ್ಷೆ ಶಿವನಿ ಊರಿಂದ ಬುಟ್ಟಿಯಲ್ಲಿ ಕೂತು, ಬಸ್ಸಿನವರ ಕಿವಿ ಕಿತ್ತುಹೋಗುವಂತೆ ಕೂಗಿಕೊಂಡು ಬಂತು. ನನ್ನ ಹೆಂಡತಿ ಶಾಹಿದಾಳ ಅಕ್ಕ ಆ ಊರು ಬಿಡುವಾಗ ತನ್ನ ಐದು ಬಾತುಗಳನ್ನು ತಂಗಿಯ ಮಡಿಲಿಗೆ ಹಾಕಿದ್ದಳು.

"ಊರಿಗೆಲ್ಲಾ ಹಾಸಿಗೆ ಹೊಲೀತೀರ. ಇವಕ್ಕೊಂದು ಗೂಡು ಮಾಡಿ, ಮೆತ್ತಗೆ ಹಾಸಿಕೊಡಿ," ಎಂದಳು ಶಾಹಿದಾ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಮರದ ಬೀರುವನ್ನು ಅಡ್ಡ ಮಲಗಿಸಿ ಗೂಡು ಮಾಡಿದೆ. ಒಳಗೆ ಒಳ್ಳೆಯ ಹತ್ತಿ ತುಂಬಿದ ಮೆತ್ತೆ ಹಾಸಿದೆ. ಬೆಳಿಗ್ಗೆ ನೋಡಿದರೆ ಅದು ಬಾಣಂತಿಯ ಮನೆಯ ಬಟ್ಟೆಯಂತೆ ತೊಪ್ಪೆಯಾಗಿತ್ತು. ಮೆತ್ತೆ ತೆಗೆದು ಹುಲ್ಲು ಹಾಸಿದೆ, ಅದೂ ಕೊಳೆತು ನಾರಿತು. ಭತ್ತದ ಹೊಟ್ಟು ಹಾಕಿದೆ, ಅದು ಅಂಬಲಿಯಾಯಿತು. ಚಳಿಯಾಗದಿರಲೆಂದು ಬೀರುವಿನ ಸಂದುಗಳಿಗೆಲ್ಲ ಚಿಂದಿ ತುರುಕಿದ್ದೆನಲ್ಲ, ವಾಸನೆ ಹೋಗಲು ದಾರಿಯಿಲ್ಲದೆ ಬಾಗಿಲು ತೆಗೆದಾಗಲೆಲ್ಲ ಒಟ್ಟಿಗೆ ಮುಖಕ್ಕೆ ರಾಚುತ್ತಿತ್ತು.

"ಸಾಬ್ರೇ, ನಿಮ್ ಬಾತುಗಳಿಂದ ನಮ್ಮನೇಲಿ ತುತ್ತು ಬಾಯಿಗಿಡಂಗಿಲ್ಲ ಕಣ್ರೀ," ಎಂದು ಪಕ್ಕದ ಮನೆಯ ರುದ್ರಮ್ಮ ಗೋಡೆಯಾಚೆಯಿಂದ ಕೂಗಿದರು. ಅಷ್ಟರಲ್ಲಿ ಒಂದು ಬಾತು ಕುಂಟತೊಡಗಿತು. ಎತ್ತಿ ನೋಡಿದರೆ ಒದ್ದೆಯಲ್ಲೇ ನಿಂತು ಪಾದ ಹುಣ್ಣಾಗಿದೆ. ಶಾಹಿದಾ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿನೀರಲ್ಲಿ ಪಾದ ತೊಳೆದು, ಕಣ್ಣೊರೆಸಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ದಿನ ಅಂಗಡಿ ಮುಚ್ಚಿ, ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಒಳಗಿನ ನೀರಿನ ಬೋಗುಣಿಗೆ ಬಾತೊಂದು ಕೊಕ್ಕು ಅದ್ದಿತು, ತಲೆ ಅದ್ದಿತು, ಕೊನೆಗೆ ತಾನೇ ಒಳಗಿಳಿದು, ಎದ್ದು, ಮೈ ಕೊಡವಿತು. ನಾನೂ ನೆನೆದೆ.

"ಶಾಹಿದಾ, ಬೋಗುಣಿ ಯಾಕಿಟ್ಟೆ ಒಳಗೆ?"

"ನೀರಿನ ಹಕ್ಕಿ ಅಲ್ವೇನ್ರೀ? ಬಾಯಾರಿದ್ರೆ?"

"ಹಗಲೆಲ್ಲಾ ಹೊರಗೆ ಕುಡೀಲಿ. ಮಲಗೋ ಕೋಣೇಲಿ ಬಾವಿ ತೋಡ್ಕೊಂಡು ಯಾರಾದ್ರೂ ಮಲಗ್ತಾರಾ?"

ಅವಳು ಮುಖ ಊದಿಸಿಕೊಂಡಳು. ಆದರೂ ಬೋಗುಣಿ ಅಂಗಳಕ್ಕೆ ಬಂತು, ಕತ್ತಲಾಗುವ ಮುಂಚೆ ಬಾತುಗಳಿಗೆ ಹೊಟ್ಟೆ ತುಂಬ ಮೇವು ನೀರು ಅಲ್ಲೇ. ಮೇಲಿನ ಸಂದುಗಳ ಚಿಂದಿ ಕಿತ್ತು ಗಾಳಿಗೆ ದಾರಿ ಮಾಡಿದೆ. ಗೇಣು ದಪ್ಪಕ್ಕೆ ಒಣ ಹೊಟ್ಟು ಹರಡಿ, ಒದ್ದೆಯಾದದ್ದನ್ನು ದಿನವೂ ಗೋರಿ ಹೊರಹಾಕಿದೆ. ವಾಸನೆ ಹೋಯಿತು. ಹುಣ್ಣು ಒಣಗಿ ಕುಂಟು ಬಾತು ಓಡಾಡತೊಡಗಿತು, ಶಾಹಿದಾ ನನ್ನೊಡನೆ ಮಾತಾಡತೊಡಗಿದಳು.

ಗೋರಿದ ಹೊಟ್ಟು ಹಿತ್ತಲ ಮೂಲೆಯಲ್ಲಿ ಗುಡ್ಡೆ ಬಿತ್ತು. ಅದು ಕೊಳೆತು ಕಪ್ಪಗಾದ ಮೇಲೆ ರುದ್ರಮ್ಮ ಒಂದು ಮಂಕರಿ ಒಯ್ದು ಬದನೆ ಗಿಡಕ್ಕೆ ಹಾಕಿದರು. ಗಿಡ ಬಾಗುವಷ್ಟು ಕಾಯಿ ಬಿಟ್ಟವು, ಅದನ್ನು ಬೀದಿಗೆಲ್ಲ ಹೇಗೆ ಸಾರಿದರೋ ನಾನರಿಯೆ. ಮೊನ್ನೆ ಒಬ್ಬ ಹೆಂಗಸು ಅಂಗಡಿ ಹತ್ತಿದಾಗ, ಈ ಫೋಮಿನ ಕಾಲದಲ್ಲೂ ಗಿರಾಕಿ ಬಂತಲ್ಲ ಎಂದು ಹಿಗ್ಗಿ, ಜೋಡಿ ಹಾಸಿಗೆಯನ್ನು ಬಿಚ್ಚಿ ಹಾಸಿದೆ. ಆಕೆ ಅದರ ಮೇಲೆ ಕೂತು ಸುಧಾರಿಸಿಕೊಂಡು, "ಹಾಸಿಗೆ ಬ್ಯಾಡ ಸಾಬ್ರೇ, ಬಾತಿನ ಹೊಟ್ಟು ಐತಾ?" ಎಂದಳು.

ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದೆ. "ಮುಂದಿನ ವಾರ ಬನ್ನಿ ಅಮ್ಮಾ, ಒಳ್ಳೇ ಮಾಲು ತಯಾರಾಗ್ತಾ ಐತೆ," ಎಂಬ ಮಾತು ಹೊರಬಂತು.